ಜನತಾ ಬಜಾರು: ಜನರದಾಗದೆ ಹೋದ ಜನರ ಅಂಗಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಿರಿಯ ಗೃಹಿಣಿಯರನ್ನು ಮಾತಿಗೆಳೆದು ಅವರ ಮದುವೆಯ ಕಾಲದ ಸಾಮಾನು ಸರಂಜಾಮಿನ ವಿಚಾರ ತೆಗೆದರೆ, ಬೆಂಗಳೂರಿನ ಮೂರು ಹೆಸರುಗಳು ಬಹುಮಟ್ಟಿಗೆ ತಪ್ಪದೆ ಬರುತ್ತವೆ. ರೇಷ್ಮೆ ಸೀರೆಗೆ ಚಿಕ್ಕಪೇಟೆ, ಒಡವೆಗೆ ಅವೆನ್ಯೂ ರಸ್ತೆ, ಮಿಕ್ಕ ಎಲ್ಲಕ್ಕೂ ಜನತಾ ಬಜಾರು. ಈ "ಮಿಕ್ಕ ಎಲ್ಲ" ಎಂಬುದರೊಳಗೆ ಒಂದು ಸಂಸಾರವೇ ಅಡಗಿತ್ತು. ಜಮಖಾನ, ಹೊದಿಕೆ, ಟವೆಲು, ಸ್ಟೀಲು ಪಾತ್ರೆ, ಟಿಫನ್ ಕ್ಯಾರಿಯರು, ಟ್ರಂಕು, ಸೋಪು, ಕೊಬ್ಬರಿ ಎಣ್ಣೆ, ಮಕ್ಕಳ ಸ್ಲೇಟು, ನೋಟುಪುಸ್ತಕ. ಇವೆಲ್ಲ ಅಂಗಡಿಯಿಂದ ಅಂಗಡಿಗೆ ಅಲೆಯದೆ ಒಂದೇ ಸೂರಿನಡಿ, ಬರೆದಿಟ್ಟ ಬೆಲೆಗೆ, ರಸೀದಿಯೊಡನೆ ದೊರೆಯುತ್ತಿದ್ದುದು ಅಂದಿನ ನಮ್ಮ ಹಳ್ಳಿಗಾಡಿನ ಜನಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಆ ಅಂಗಡಿ ಬೆಳೆದ ಬಗೆಯನ್ನೂ ಸೊರಗಿದ ಬಗೆಯನ್ನೂ ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಅದು ಕೇವಲ ಒಂದು ಅಂಗಡಿಯ ಕಥೆಯಾಗಿದ್ದರೆ ಇಂತಹ ಪತ್ರಿಕೆಯಲ್ಲಿ ಅದಕ್ಕೆ ಇಷ್ಟು ಪುಟಗಳನ್ನು ಕೊಡುವ ಅಗತ್ಯವಿರಲಿಲ್ಲ. ಸಹಕಾರ ತತ್ತ್ವದ ಹೆಸರಿನಲ್ಲಿ ಹುಟ್ಟಿದ ಅಂಗಡಿಗೆ ಬಂದ ಗತಿ, ನಮ್ಮ ಸಮಾಜದ ಮನೆಮನೆಯವರು ಇಂದು ಹಣ ತೊಡಗಿಸಿರುವ ಎಷ್ಟೋ ಸಂಘಗಳಿಗೆ ನೇರವಾಗಿ ಸಂಬಂಧಿಸಿದ್ದು.

ಜನತಾ ಬಜಾರು ನೆಲೆಸಿದ್ದುದು ಕೆಂಪೇಗೌಡ ರಸ್ತೆಯಲ್ಲಿ, ಏಷ್ಯಾಟಿಕ್ ಬಿಲ್ಡಿಂಗ್ ಎಂದು ಹೆಸರಾದ ಕಟ್ಟಡದಲ್ಲಿ. 1930ರ ದಶಕದ ಆ ಕಟ್ಟಡ, ಪಶ್ಚಿಮ ದೇಶಗಳಲ್ಲಿ ಆಗ ಹೊಸದಾಗಿ ಬಳಕೆಗೆ ಬಂದಿದ್ದ ಆರ್ಟ್ ಡೆಕೊ ಎಂಬ ಶೈಲಿಯದು. ರಸ್ತೆಯ ಒಂದು ತುದಿಗೆ ಮೈಸೂರು ಬ್ಯಾಂಕ್ ವೃತ್ತ; ಇನ್ನೊಂದು ತುದಿಗೆ ಧರ್ಮಾಂಬುಧಿ ಕೆರೆಯಂಗಳದಲ್ಲಿ ಎದ್ದ ಬಸ್ ನಿಲ್ದಾಣ; ಅದರಾಚೆಗೆ ರೈಲು ನಿಲ್ದಾಣ. ರಾಮನಗರ, ಚನ್ನಪಟ್ಟಣಗಳ ಜನ 1880ರ ದಶಕದಿಂದಲೂ ಮೈಸೂರು ಮಾರ್ಗದ ರೈಲಿನಲ್ಲಿ ಬಂದಿಳಿಯುತ್ತಿದ್ದುದು ಅಲ್ಲಿಯೇ. ರೈಲಿನ ಭಾಗ್ಯವಿಲ್ಲದ ಕನಕಪುರದವರು ಬಸ್ಸಿನಲ್ಲಿ ಬಂದು ಸಿಟಿ ಮಾರುಕಟ್ಟೆಯ ಕಡೆಯಿಂದ ನಡೆದು ಬರುತ್ತಿದ್ದರು. ಮಾಗಡಿಯವರಿಗಂತೂ ಆ ರಸ್ತೆಯ ಹೆಸರೇ ತವರಿನದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟ ಮೇಲೆ ಕೆಂಪೇಗೌಡರ ವಂಶದವರು ನೆಲೆಗೊಂಡುದು ಮಾಗಡಿಯಲ್ಲಲ್ಲವೆ?

ಆಗ ಈ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಜಿಲ್ಲೆಗೇ ಸೇರಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಯಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಕಾಗದದ ಮೇಲೆ ಬೆಂಗಳೂರು ಒಮ್ಮೆ ದೂರ ಸರಿದು ಮತ್ತೆ ಹತ್ತಿರ ಬಂದಂತಾಯಿತು. ಆದರೆ ಅರವತ್ತು ಎಪ್ಪತ್ತರ ದಶಕದಲ್ಲಿ ಕಂದಾಯದ ಕೆಲಸಕ್ಕೋ ಕೋರ್ಟಿನ ಕೆಲಸಕ್ಕೋ ಬೆಂಗಳೂರಿಗೆ ಹೋದ ಯಜಮಾನರು ಸಂಜೆಯ ಗಾಡಿ ಹಿಡಿಯುವ ಮುನ್ನ ಬಜಾರಿನ ಮೆಟ್ಟಿಲು ಹತ್ತಿಯೇ ಊರಿಗೆ ಹಿಂದಿರುಗುತ್ತಿದ್ದರು.

ಅಂದಿನ ಕಾಲಸ್ಥಿತಿಯನ್ನು ನೆನೆಯದೆ ಆ ಅಂಗಡಿಯ ಮಹತ್ತ್ವ ತಿಳಿಯದು. 1962ರ ಚೀನಾ ಯುದ್ಧದ ಬೆನ್ನಿಗೆ ಪದಾರ್ಥಗಳ ಬೆಲೆ ಏರತೊಡಗಿದಾಗ ಕೇಂದ್ರ ಸರ್ಕಾರವು ನಗರಗಳಲ್ಲಿ ಬಳಕೆದಾರರ ಸಹಕಾರ ಸಂಘಗಳನ್ನು ಸ್ಥಾಪಿಸುವ ಯೋಜನೆಯನ್ನು ಕೈಗೊಂಡಿತು. ಪ್ರತಿಯೊಂದು ದೊಡ್ಡ ಊರಿಗೆ ಒಂದು ಸಗಟು ಭಂಡಾರ, ಅದರ ಅಡಿಯಲ್ಲಿ ಚಿಲ್ಲರೆ ಮಳಿಗೆಗಳು. ಷೇರು ಬಂಡವಾಳದಲ್ಲಿ ದೊಡ್ಡ ಪಾಲನ್ನು ಸರ್ಕಾರವೇ ಹಾಕಿತು. ಮುಂದೆ 1965ರ ಯುದ್ಧ, ಅದರ ಹಿಂದೆಯೇ ಬರಗಾಲ, 1966ರ ಜೂನ್ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯ. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದುದು ಒಂದೇ ರಾತ್ರಿಯಲ್ಲಿ 7 ರೂಪಾಯಿ 50 ಪೈಸೆಯಾಯಿತು. ವರ್ತಕರು ಸರಕನ್ನು ಅಡಗಿಸಿ ಬೆಲೆ ಏರಿಸಿಯಾರೆಂಬ ಭಯದಿಂದ, ಮರುತಿಂಗಳೇ ದೆಹಲಿಯ ಕನಾಟ್ ಪ್ಲೇಸಿನಲ್ಲಿ ಸೂಪರ್ ಬಜಾರ್ ಎಂಬ ಭಾರಿ ಸಹಕಾರಿ ಮಳಿಗೆಯನ್ನು ತೆರೆದರು. ನಮ್ಮ ನಾಡಿನ ನಗರಗಳಲ್ಲಿ ಇದೇ ಕುಲದ ಮಳಿಗೆಗಳಿಗೆ ಜನತಾ ಬಜಾರ್ ಎಂಬ ಹೆಸರಾಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೊದಲಾದೆಡೆ ಆ ಹೆಸರು ಕೇಳದವರಿಲ್ಲ. ಹುಬ್ಬಳ್ಳಿಯಲ್ಲಿ ಅದು ಒಂದು ಮಾರುಕಟ್ಟೆಗೇ ಹೆಸರಾಗಿ ನಿಂತಿತು.

ಇಂದಿನ ಮಕ್ಕಳಿಗೆ ಕೊರತೆ ಎಂಬ ಪದದ ಅರ್ಥ ತಿಳಿಸುವುದು ಕಷ್ಟ. ಸಕ್ಕರೆ, ಸೀಮೆಎಣ್ಣೆ, ವನಸ್ಪತಿ, ಶಿಶುವಿನ ಹಾಲಿನ ಪುಡಿ, ಕಡೆಗೆ ಮೈತೊಳೆಯುವ ಸೋಪು ಸಹ ಒಂದೊಂದು ಕಾಲದಲ್ಲಿ ಅಂಗಡಿಯಿಂದ ಮಾಯವಾಗುತ್ತಿದ್ದವು. 1973ರಿಂದ 1975ರ ವರೆಗೆ ಬೆಲೆಗಳು ವರ್ಷಕ್ಕೆ ಶೇಕಡ 20ಕ್ಕೂ ಮೀರಿ ಏರಿದವು. ಅಂತಹ ದಿನಗಳಲ್ಲಿ ಬಜಾರಿಗೆ ಸರಕು ಬಂದಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿ ಬೆಳಿಗ್ಗೆಯೇ ಸಾಲು ನಿಲ್ಲುತ್ತಿತ್ತು. ಗಿರಣಿಗಳು ಸರ್ಕಾರ ನಿಗದಿ ಮಾಡಿದ ಬೆಲೆಗೆ ನೇಯಲೇಬೇಕಾಗಿದ್ದ ಕಂಟ್ರೋಲ್ ಬಟ್ಟೆ ಹಂಚಿಕೆಯಾಗುತ್ತಿದ್ದುದು ಹೆಚ್ಚಾಗಿ ಸಹಕಾರಿ ಮಳಿಗೆಗಳ ಮೂಲಕವೇ. 1976ರಿಂದ ಕೈಮಗ್ಗದ ಜನತಾ ಸೀರೆ, ಜನತಾ ಧೋತ್ರಗಳೂ ಬಂದವು. ಉಳ್ಳವರು ಆ ಒರಟು ಸೀರೆಯನ್ನು ಕಂಡು ಮೂಗು ಮುರಿದಿರಬಹುದು. ಕೂಲಿ ಮಾಡುವ ತಾಯಂದಿರ ಮಾನ ಕಾಪಾಡಿದ್ದು ಅದೇ.

ಆದರೂ ಅಗ್ಗದ ಬೆಲೆಯೊಂದೇ ಜನರನ್ನು ಅಲ್ಲಿಗೆ ಎಳೆಯುತ್ತಿತ್ತೆಂದು ನಾವು ಭಾವಿಸುವುದಿಲ್ಲ. ಹಳ್ಳಿಯಿಂದ ಪೇಟೆಗೆ ಹೋದವನ ದೊಡ್ಡ ಅಂಜಿಕೆ ಹಣ ಹೆಚ್ಚು ಖರ್ಚಾದೀತೆಂಬುದಲ್ಲ, ತಾನು ಮೋಸಹೋದೇನೆಂಬುದು. ಪೇಟೆಯ ಅಂಗಡಿಯವನು ಬಂದವನ ಪಂಚೆ ನೋಡಿ ಬೆಲೆ ಹೇಳುತ್ತಾನೆಂಬುದು ನಮ್ಮ ಕಡೆ ಹಳೆಯ ದೂರು. ಹತ್ತು ಹೇಳಿ ಆರಕ್ಕೆ ಕೊಟ್ಟರೂ ಐದಕ್ಕೆ ಸಿಗುತ್ತಿತ್ತೇನೋ ಎಂಬ ಅಳುಕು ಊರು ತಲಪುವವರೆಗೂ ಬಿಡದು. ತೂಕ ಅಳತೆಗಳದು ಇನ್ನೊಂದು ಗೊಂದಲ. 1957ರಲ್ಲಿ ನಯಾಪೈಸೆ ಬಂತು, 1958ರಿಂದ ಕಿಲೋ ಗ್ರಾಂಗಳು ಹಂತಹಂತವಾಗಿ ಬಂದವು. ನಮ್ಮ ಮನೆಗಳಲ್ಲಾದರೋ ಪಾವು, ಅಚ್ಚೇರು, ಸೇರುಗಳ ಲೆಕ್ಕವೇ ಬಹುಕಾಲ ನಡೆಯಿತು. ಈ ಗೊಂದಲದಲ್ಲಿ ಲಾಭ ಮಾಡಿಕೊಂಡವರು ಯಾರೆಂದು ಹೇಳಬೇಕಾಗಿಲ್ಲ.

ಜನತಾ ಬಜಾರಿನಲ್ಲಿ ಈ ಅಂಜಿಕೆಗೆ ಎಡೆಯಿರಲಿಲ್ಲ. ಸರಕಿನ ಮೇಲೆ ಚೀಟಿ, ಚೀಟಿಯ ಮೇಲೆ ಬೆಲೆ. ಒಂದು ಕಡೆ ಬಿಲ್ಲು ಬರೆಸುವುದು, ಇನ್ನೊಂದು ಕಡೆ ಹಣ ಕಟ್ಟುವುದು, ಮತ್ತೊಂದು ಕಡೆ ಮೊಹರು ಹಾಕಿದ ಬಿಲ್ಲು ತೋರಿಸಿ ಸಾಮಾನು ಪಡೆಯುವುದು. ನಿಧಾನವೇನೋ ಹೌದು. ಆದರೆ ಸಾಹುಕಾರನಿಗೂ ಕೂಲಿಯವನಿಗೂ ಅದೇ ಸಾಲು, ಅದೇ ಬೆಲೆ. "ಒಂದೆರಡು ರೂಪಾಯಿ ಬಿಡಪ್ಪಾ, ದೂರದಿಂದ ಬಂದಿದ್ದೀವಿ" ಎಂದು ನಮ್ಮ ಹೆಂಗಸರು ಅಭ್ಯಾಸಬಲದಿಂದ ಕೇಳುವುದು, "ಇದು ಸೊಸೈಟಿ ಅಂಗಡಿ ಕಣಮ್ಮಾ, ಚೀಟೀಲಿ ಇರೋದೇ ರೇಟು" ಎಂದು ನೌಕರರು ನಗುತ್ತ ಉತ್ತರಿಸುವುದು ಅಲ್ಲಿ ದಿನವಹಿ ನಡೆಯುತ್ತಿದ್ದ ಮಾತು. ಚೌಕಾಸಿ ಮಾಡದ ಅಂಗಡಿಯನ್ನು ಮೊದಮೊದಲು ಅನುಮಾನಿಸಿದವರೇ ಕ್ರಮೇಣ ಅದನ್ನು ನಂಬಿದರು. ಒಂದು ಸರಕಿಗೆ ಒಂದೇ ಬೆಲೆ ಎಂಬ ಪದ್ಧತಿ ಲೋಕಕ್ಕೆ ಹೊಸದೇನಲ್ಲ; 1852ರ ಹೊತ್ತಿಗೇ ಪ್ಯಾರಿಸ್ ನಗರದ ಬಾನ್ ಮಾರ್ಷೆ ಎಂಬ ಮಳಿಗೆಯವರು ಅದನ್ನು ರೂಢಿಸಿದ್ದರು. ಆದರೆ ಅದು ಸಿರಿವಂತರ ಮಳಿಗೆ. ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ ಅಂತಹ ದೊಡ್ಡ ಅಂಗಡಿಗಳಿದ್ದವು. ಅವುಗಳ ಬಾಗಿಲು ದಾಟುವ ಧೈರ್ಯ ನಮ್ಮವರಲ್ಲಿ ಎಷ್ಟು ಮಂದಿಗಿತ್ತು? ಚಪ್ಪಲಿ ಮೆಟ್ಟಿದ ಕಾಲಿನ ಮಣ್ಣನ್ನು ನೋಡಿಕೊಂಡು ಸಂಕೋಚಪಡದೆ ಒಳಗೆ ಹೋಗಬಹುದಾಗಿದ್ದ ಮೊದಲ ದೊಡ್ಡ ಅಂಗಡಿ ಜನತಾ ಬಜಾರು.

ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿದ ನಮ್ಮ ತಲೆಮಾರಿನವರಿಗೆ ಇನ್ನೊಂದು ಋಣವುಂಟು. 1975ರ ಜುಲೈ ತಿಂಗಳಲ್ಲಿ ಪ್ರಕಟವಾದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ, ವಿದ್ಯಾರ್ಥಿನಿಲಯಗಳಿಗೆ ಅಗತ್ಯ ಪದಾರ್ಥಗಳನ್ನೂ ವಿದ್ಯಾರ್ಥಿಗಳಿಗೆ ಪುಸ್ತಕ ಮತ್ತು ಬರೆಯುವ ಸಾಮಗ್ರಿಯನ್ನೂ ನಿಯಂತ್ರಿತ ಬೆಲೆಗೆ ಒದಗಿಸಬೇಕೆಂಬ ಅಂಶಗಳಿದ್ದವು. ತುರ್ತು ಪರಿಸ್ಥಿತಿಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಸಹಕಾರಿ ಭಂಡಾರದ ಅಗ್ಗದ ಬಿಳಿಹಾಳೆಯ ನೋಟುಪುಸ್ತಕ ಕೈಗೆ ಬಂದಾಗ, ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು ಹೊಲಿದುಕೊಳ್ಳುತ್ತಿದ್ದ ನಮಗೆ ಆದ ಸಂತೋಷ ನಿಜವಾದುದು.

ಇನ್ನು ಮೂಲ ವಿಚಾರಕ್ಕೆ ಬರೋಣ. ಸಹಕಾರ ಎಂಬುದು ನಮ್ಮ ನಾಡಿಗೆ ದೆಹಲಿಯಿಂದ ಬಂದುದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘವೇ ದೇಶದ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಸಹಕಾರ ಸಂಘಗಳ ಕಾನೂನು ಜಾರಿಗೆ ಬಂತು. ಅದಕ್ಕೂ ಹಿಂದಿನ ನೆಲೆಯನ್ನು ಹುಡುಕುವುದಾದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೇ ಹೋಗಬೇಕು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಬಂದುದರಲ್ಲಿ ದಾಸೋಹ ನಡೆಸಿದ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದವಳು ಅವನ ಮಡದಿ ಲಕ್ಕಮ್ಮ. ಮನೆಯಲ್ಲಿ ಕೂಡಿಡುವ ಅಕ್ಕಿ ಪೇಟೆಯಲ್ಲಿ ಕೊರತೆಯಾಗುತ್ತದೆ ಎಂಬ ಅರ್ಥಶಾಸ್ತ್ರವನ್ನು ಆ ತಾಯಿ ಯಾವ ಶಾಲೆಯಲ್ಲಿಯೂ ಓದಿರಲಿಲ್ಲ.

ಬಳಕೆದಾರರ ಸಹಕಾರಕ್ಕೆ ಆಧುನಿಕ ರೂಪ ದೊರೆತದ್ದು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ. ಅದರ ವೃತ್ತಾಂತವನ್ನು ತುಸು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಜನತಾ ಬಜಾರಿನ ಸೋಲಿನ ಕೀಲಿಕೈ ಅಲ್ಲಿದೆ. 1844ರ ಡಿಸೆಂಬರ್ 21ರಂದು 28 ಮಂದಿ ಬಡವರು, ಅವರಲ್ಲಿ ಹಲವರು ನೇಕಾರರು, ಪೈಸೆ ಪೈಸೆ ಕೂಡಿಸಿ ಬೀದಿಯೊಂದರಲ್ಲಿ ಪುಟ್ಟ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಇಷ್ಟೇ ಸರಕು. ಅವರು ಹಾಕಿಕೊಂಡ ಕಟ್ಟಳೆಗಳು ನಾಲ್ಕಾರು: ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಸಾಲವಿಲ್ಲದ ವ್ಯಾಪಾರ, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ. ಬೆಲೆಯ ವಿಷಯದಲ್ಲಿ ಅವರ ಜಾಣ್ಮೆ ಗಮನಿಸತಕ್ಕದ್ದು. ಅವರು ಪೇಟೆಗಿಂತ ಅಗ್ಗವಾಗಿ ಮಾರಲಿಲ್ಲ. ಪೇಟೆಯ ಬೆಲೆಗೇ ಮಾರಿ, ಉಳಿದ ಲಾಭವನ್ನು ಸದಸ್ಯರಿಗೆ ಅವರವರು ಮಾಡಿದ ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಹಿಂದಿರುಗಿಸಿದರು. ಹೆಚ್ಚು ಕೊಂಡ ಮನೆಗೆ ಹೆಚ್ಚು ಪಾಲು. ಗಿರಾಕಿ ಪ್ರತಿ ಬಾರಿ ಅಂಗಡಿಗೆ ಹೋದಾಗಲೂ ತಾನು ಅದರ ಒಡೆಯನೆಂಬುದು ಅವನ ನೆನಪಿಗೆ ಬರುತ್ತಿತ್ತು. ತೂಕ ತಪ್ಪಿದರೆ, ಸರಕು ಕೊಳೆತರೆ, ಗುಮಾಸ್ತ ಕೈಯಾಡಿಸಿದರೆ ನಷ್ಟ ತನ್ನದೇ ಎಂದು ತಿಳಿದ ಸಾವಿರ ಕಣ್ಣುಗಳು ಆ ಅಂಗಡಿಯನ್ನು ಕಾಯುತ್ತಿದ್ದವು.

ನಮ್ಮ ಬಜಾರುಗಳಲ್ಲಿ ನಡೆದದ್ದು ಇದಕ್ಕೆ ತಲೆಕೆಳಗು. ಅಂಗಡಿ ಮೊದಲು ಬಂತು, ಸದಸ್ಯರು ಆಮೇಲೆ. ಬಂಡವಾಳ ಸರ್ಕಾರದ್ದು, ಕಟ್ಟಡ ಸರ್ಕಾರದ್ದು, ಸರಕಿನ ಹಂಚಿಕೆ ಸರ್ಕಾರದ್ದು. ಬೆಲೆಯನ್ನು ಮೊದಲೇ ಇಳಿಸಿ ಮಾರಿದ್ದರಿಂದ ಗಿರಾಕಿಗೆ ಸಿಗಬೇಕಾದುದು ಅಲ್ಲಿಗಲ್ಲಿಗೇ ಸಿಕ್ಕಿಹೋಯಿತು. ಸದಸ್ಯನಾದರೂ ಅದೇ ಬೆಲೆ, ಆಗದಿದ್ದರೂ ಅದೇ ಬೆಲೆ. ಹೀಗಿರಲು ಷೇರು ಕೊಳ್ಳುವವರು ಯಾರು, ಕೊಂಡರೂ ಸಭೆಗೆ ಹೋಗುವವರು ಯಾರು? ನಮ್ಮ ಸೀಮೆಯಿಂದ ವರ್ಷಗಟ್ಟಲೆ ಅಲ್ಲಿಗೆ ಎಡತಾಕಿದ ಎಷ್ಟೋ ಮನೆಗಳವರನ್ನು ವಿಚಾರಿಸಿ ನೋಡಿದ್ದೇವೆ. ಬಜಾರನ್ನು ಬಾಯ್ತುಂಬ ಹೊಗಳುವವರಲ್ಲಿ ಅದರ ಷೇರು ಹೊಂದಿದ್ದವರು ಒಬ್ಬರೂ ನಮಗೆ ಸಿಗಲಿಲ್ಲ. ಹೆಸರಿನಲ್ಲಿ ಜನತೆ ಇತ್ತು. ಜನ ಅದನ್ನು ಸರ್ಕಾರಿ ಅಂಗಡಿಯೆಂದೇ ತಿಳಿದಿದ್ದರು.

ಕಾಯುವ ಕಣ್ಣುಗಳಿಲ್ಲದ ಮೇಲೆ ದೇಶದುದ್ದಕ್ಕೂ ಬಳಕೆದಾರರ ಭಂಡಾರಗಳಿಗೆ ಒಂದೇ ಬಗೆಯ ರೋಗ ತಗುಲಿತು. ಲಾಭದ ಅಂಚು ಕಿರಿದು, ಸಂಬಳದ ಪಟ್ಟಿ ಹಿರಿದು. ಕೊಳ್ಳುವ ತೀರ್ಮಾನ ಸಮಿತಿಯ ಕಡತದಲ್ಲಿ ತಿಂಗಳುಗಟ್ಟಲೆ ಅಲೆದು, ಸರಕು ಬರುವ ಹೊತ್ತಿಗೆ ಗಿರಾಕಿಯ ಅಭಿರುಚಿ ಬದಲಾಗಿರುತ್ತಿತ್ತು. ಮಾರಾಟವಾಗದ ದಾಸ್ತಾನು ಕಪಾಟಿನಲ್ಲಿ ಧೂಳು ತಿನ್ನುತ್ತ ಕುಳಿತರೂ ಲೆಕ್ಕದಲ್ಲಿ ಅದು ಆಸ್ತಿಯೇ. ಚುನಾಯಿತ ಆಡಳಿತ ಮಂಡಳಿಗಳನ್ನು ರದ್ದುಪಡಿಸಿ ಆಡಳಿತಾಧಿಕಾರಿಗಳನ್ನು ನೇಮಿಸುವ ಪರಿಪಾಠ ಸಹಕಾರ ಕ್ಷೇತ್ರದಲ್ಲೆಲ್ಲ ಬೆಳೆಯಿತು. ಇಂದು ಬಂದು ನಾಳೆ ವರ್ಗವಾಗುವ ಅಧಿಕಾರಿಗೆ ಅಂಗಡಿಯ ಮೇಲೆ ಮಮತೆ ಹುಟ್ಟುವುದಾದರೂ ಹೇಗೆ? ಅನೇಕ ಕಡೆ ಸರ್ಕಾರಿ ಕಚೇರಿ, ವಿದ್ಯಾರ್ಥಿನಿಲಯಗಳಿಗೆ ಸಾಮಾನು ಪೂರೈಸುವುದೇ ಮುಖ್ಯ ವ್ಯಾಪಾರವಾಗಿ, ಬಾಗಿಲಿಗೆ ಬಂದ ಗಿರಾಕಿ ಎರಡನೆಯವನಾದ. ನೌಕರರ ಮೇಲೆ ಎಲ್ಲ ತಪ್ಪನ್ನೂ ಹೊರಿಸುವವರಿದ್ದಾರೆ; ನಾವು ಒಪ್ಪುವುದಿಲ್ಲ. ಒಡೆಯನೇ ಕಣ್ಣು ಮುಚ್ಚಿದ ಮನೆಯಲ್ಲಿ ಆಳನ್ನು ಬಯ್ದು ಫಲವಿಲ್ಲ.

ಇಷ್ಟಾದರೂ ಕೊರತೆಯ ಕಾಲ ಇರುವವರೆಗೆ ಬಜಾರು ನಡೆಯಿತು. ಸರಕೇ ಸಿಗದಿರುವಾಗ ಸಿಗುವ ಜಾಗವೇ ದೊಡ್ಡದು. ಎಂಬತ್ತರ ದಶಕದಲ್ಲಿ ಕೊರತೆ ಕರಗುತ್ತ ಬಂತು. ಪೊಟ್ಟಣದ ಸರಕುಗಳ ಮೇಲೆ ತೂಕ, ತಯಾರಕರ ವಿವರ ಮುದ್ರಿಸಬೇಕೆಂಬ ನಿಯಮಗಳು 1977ರಲ್ಲಿಯೇ ಬಂದಿದ್ದವು. 1990ರಿಂದ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವುದು ಕಡ್ಡಾಯವಾಯಿತು. ಇದು ಯಾರೂ ಹೆಚ್ಚು ಗಮನಿಸದ ಸಂಗತಿ. ಬಜಾರಿಗೆ ಹೆಸರು ತಂದಿದ್ದ ಬೆಲೆಯ ಚೀಟಿ ಈಗ ಹಳ್ಳಿಯ ಪೆಟ್ಟಿಗೆ ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ಬಂದು ಕುಳಿತಿತು. ಮೋಸದ ಅಂಜಿಕೆಯಿಂದ ಕೆಂಪೇಗೌಡ ರಸ್ತೆಯವರೆಗೆ ಹೋಗಬೇಕಾದ ಕಾರಣವೇ ಉಳಿಯಲಿಲ್ಲ.

ಆ ಮೇಲೆ 1991ರ ಉದಾರೀಕರಣ. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಫುಡ್‌ವರ್ಲ್ಡ್, 2001ರಲ್ಲಿ ಬಿಗ್ ಬಜಾರ್, 2004ರಲ್ಲಿ ಕೋರಮಂಗಲದ ಫೋರಂ ಮಾಲ್. ಗಿರಾಕಿಯೇ ಕೈಯಾರೆ ಸರಕನ್ನು ಎತ್ತಿಕೊಳ್ಳುವ, ತಂಪು ಗಾಳಿ ಬೀಸುವ ಅಂಗಡಿಗಳ ಮುಂದೆ ಮೂರು ಕಡೆ ಸಾಲು ನಿಲ್ಲಿಸುವ ಬಜಾರು ಮಂಕಾಯಿತು. ಕೆಂಪೇಗೌಡ ರಸ್ತೆಯ ಕಳೆಯೂ ಇಳಿಯಿತು. ಸಿನಿಮಾ ನೋಡಿ ಸಾಮಾನು ಕೊಂಡು ಹೋಗುವುದು ಹಳ್ಳಿಯವರ ವಾಡಿಕೆಯಾಗಿದ್ದರೆ, ಆ ವಾಡಿಕೆಗೆ ಆಸರೆಯಾಗಿದ್ದ ಮೆಜೆಸ್ಟಿಕ್, ಅಲಂಕಾರ್, ಕೆಂಪೇಗೌಡ, ಸಾಗರ್ ಚಿತ್ರಮಂದಿರಗಳು ಒಂದೊಂದಾಗಿ ಇಲ್ಲವಾದವು. ದೆಹಲಿಯ ಸೂಪರ್ ಬಜಾರಂತೂ 2002ರಲ್ಲಿ ಮುಚ್ಚಿತು. ಇತ್ತ ಕೋಟಿಗಟ್ಟಲೆ ಬಂಡವಾಳದ ಬಿಗ್ ಬಜಾರ್ ಸಹ ಸಾಲದಲ್ಲಿ ಮುಳುಗಿ 2022ರಲ್ಲಿ ತನ್ನ ಹೆಸರನ್ನೇ ಕಳೆದುಕೊಂಡಿತು. ಆದ್ದರಿಂದ ಖಾಸಗಿಯಾದುದೆಲ್ಲ ಉಳಿಯುತ್ತದೆ, ಸಹಕಾರಿಯಾದುದೆಲ್ಲ ಅಳಿಯುತ್ತದೆ ಎಂಬ ಮಾತನ್ನು ಅವಸರದಿಂದ ಆಡುವಂತಿಲ್ಲ.

ಸಹಕಾರ ನಮ್ಮ ಜನಕ್ಕೆ ಒಗ್ಗದು ಎನ್ನುವವರು ನಮ್ಮದೇ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಗೆ ಬೆಳಿಗ್ಗೆ ಹೋಗಿ ನೋಡಬೇಕು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಆರಂಭವಾದ ಹೈನು ಅಭಿವೃದ್ಧಿ ಯೋಜನೆಯೂ ಸರ್ಕಾರದಿಂದಲೇ ಬಂದುದು. ಆದರೆ ಅದರ ತಳಹದಿ ಹಳ್ಳಿಯ ಹಾಲು ಉತ್ಪಾದಕರ ಸಂಘ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸದಸ್ಯೆ ಕ್ಯಾನು ಹಿಡಿದು ಡೈರಿಯ ಮುಂದೆ ನಿಲ್ಲುತ್ತಾಳೆ. ಡಿಗ್ರಿ ಎಷ್ಟು, ಫ್ಯಾಟು ಎಷ್ಟು ಎಂದು ತನ್ನ ಕಣ್ಣೆದುರೇ ಅಳೆಸುತ್ತಾಳೆ, ಪುಸ್ತಕದಲ್ಲಿ ಬರೆಸುತ್ತಾಳೆ, ಬಟವಾಡೆಯ ದಿನ ಲೆಕ್ಕ ತಾಳೆ ನೋಡುತ್ತಾಳೆ. ಫ್ಯಾಟು ಒಂದು ಗೆರೆ ಕಡಿಮೆ ಬಂದರೆ ಕಾರ್ಯದರ್ಶಿಗೆ ಆ ಹೊತ್ತು ನೆಮ್ಮದಿಯಿಲ್ಲ. ಅಲ್ಲಿಯೂ ರಾಜಕೀಯವಿದೆ, ಜಗಳವಿದೆ, ಕೋರ್ಟು ಕಚೇರಿಯಿದೆ. ಆದರೂ ಐವತ್ತು ವರ್ಷಗಳಿಂದ ಬೆಂಗಳೂರಿನ ಮನೆಗಳಿಗೆ ಹಾಲು ತಪ್ಪದೆ ಹೋಗುತ್ತಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಸಹಕಾರಿಯಲ್ಲ, ಸರ್ಕಾರದ್ದು. ಆದರೂ ಗೂಡು ತಂದ ರೈತ ತಕ್ಕಡಿಯ ಪಕ್ಕ ಕದಲದೆ ನಿಂತು ಹರಾಜು ನೋಡುವುದರಿಂದಲೇ ಅದು ವಿಶ್ವಾಸ ಉಳಿಸಿಕೊಂಡಿದೆ. ಮಾವು ಬೆಳೆಗಾರರಿಗೆ ಚಿರಪರಿಚಿತವಾದ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ, ಡಾ. ಮರಿಗೌಡರ ಪ್ರೇರಣೆಯಿಂದ ಹುಟ್ಟಿ ಬಹುಕಾಲ ಒಳ್ಳೆಯ ಹೆಸರು ಪಡೆಯಿತು. ಇತ್ತೀಚಿನ ವರ್ಷಗಳಲ್ಲಿ ಅದರ ಹಸಿರು ಮಳಿಗೆಗಳು ಒಂದೊಂದಾಗಿ ಕಡಿಮೆಯಾಗುತ್ತಿರುವುದನ್ನು ಕಂಡಾಗ ಜನತಾ ಬಜಾರಿನ ನೆನಪಾಗದಿರದು.

ಏಷ್ಯಾಟಿಕ್ ಕಟ್ಟಡದ ವಿಷಯವನ್ನೂ ಹೇಳಿಬಿಡಬೇಕು. 2019ರ ಹೊತ್ತಿಗೆ ಅದನ್ನು ಕೆಡವಿ ಬಹುಮಹಡಿಯ ವಾಣಿಜ್ಯ ಸಂಕೀರ್ಣ ಕಟ್ಟುವ ಯೋಜನೆಯನ್ನು ಲೋಕೋಪಯೋಗಿ ಇಲಾಖೆ ಮುಂದಿಟ್ಟಾಗ, ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆಯವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಗೋಡೆಗಾಗಿ ವಾದಿಸಲು ನಗರದ ವಿದ್ಯಾವಂತರು ಮುಂದೆ ಬಂದದ್ದು ಸ್ತುತ್ಯ. ಆ ಗೋಡೆಗಳ ಒಳಗೆ ನಡೆಯುತ್ತಿದ್ದ ಅಂಗಡಿ ಕೃಶವಾಗುತ್ತ ಹೋದಾಗ ಯಾವ ಸದಸ್ಯನೂ ಯಾವ ಕೋರ್ಟಿಗೂ ಹೋಗಲಿಲ್ಲ. ಹೋಗಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಈಗ ನಮ್ಮ ಮನೆಯ ಮಾತು. ಇಂದು ನಮ್ಮ ಸಮಾಜದ ಹೆಸರಿನಲ್ಲಿ, ಶರಣರ ಹೆಸರಿನಲ್ಲಿ, ಮಠಗಳ ಪೂಜ್ಯರ ಹೆಸರಿನಲ್ಲಿ ಪತ್ತಿನ ಸಹಕಾರ ಸಂಘಗಳು ಊರೂರಿನಲ್ಲಿ ಎದ್ದಿವೆ. ಅವುಗಳಲ್ಲಿ ಚೆನ್ನಾಗಿ ನಡೆಯುತ್ತಿರುವವು ಹಲವು. ಮಗಳ ಮದುವೆಗೆಂದು, ನಿವೃತ್ತಿಯ ಹಣವೆಂದು ಠೇವಣಿ ಇಟ್ಟಿರುವ ಕುಟುಂಬಗಳು ಸಾವಿರಾರು. ಬ್ಯಾಂಕಿಗಿಂತ ಅರ್ಧ ರೂಪಾಯಿ ಬಡ್ಡಿ ಹೆಚ್ಚೆಂದೂ, ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರವಿದೆಯೆಂದೂ ನಂಬಿ ಹಣವಿಟ್ಟು ಬಂದವರು ಮತ್ತೆ ಆ ಕಡೆ ತಲೆಹಾಕುವುದು ವಾಯಿದೆ ಮುಗಿದಾಗಲೇ. ಭಾವಚಿತ್ರವು ಲೆಕ್ಕ ತಪಾಸಣೆ ಮಾಡುವುದಿಲ್ಲ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರೇ ಅಪವಾದ ಬಂದಾಗ ಲೆಕ್ಕ ಒಪ್ಪಿಸಲು ಹಿಂಜರಿಯಲಿಲ್ಲವೆಂದು ನಮ್ಮ ಪುರಾಣಗಳು ಹೇಳುತ್ತವೆ. ಅವರ ಹೆಸರಿನ ಸಂಘದಲ್ಲಿ ಲೆಕ್ಕ ಕೇಳುವುದನ್ನು ಅವಿನಯವೆಂದು ತಿಳಿಯುವ ಸಂಕೋಚ ನಮ್ಮಲ್ಲಿ ಏಕೆ ಬೆಳೆಯಿತೋ!

ನಮ್ಮ ರಾಜ್ಯದ ಕಾನೂನಿನಂತೆ ಪ್ರತಿಯೊಂದು ಸಹಕಾರ ಸಂಘವೂ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆಯನ್ನು ಕರೆಯಬೇಕು. ಸಭೆಗೆ ಮುಂಚೆ ಸದಸ್ಯರಿಗೆ ವರದಿಯ ಪುಸ್ತಿಕೆ ಬರುತ್ತದೆ. ಮುಖಪುಟದ ಫೋಟೋಗಳನ್ನು ನೋಡಿ ಅದನ್ನು ಗೂಡಿಗೆ ಸೇರಿಸಿಬಿಡುವುದು ವಾಡಿಕೆ. ಹಿಂದಿನ ಪುಟಗಳಲ್ಲಿ ಅಢಾವೆ ಪತ್ರಿಕೆ ಇರುತ್ತದೆ, ಲಾಭ ನಷ್ಟದ ಲೆಕ್ಕವಿರುತ್ತದೆ. ಸುಸ್ತಿ ಸಾಲ ಹೋದ ವರ್ಷಕ್ಕಿಂತ ಏರಿದೆಯೇ, ನಿರ್ದೇಶಕರಿಗೂ ಅವರ ಬಂಧುಗಳಿಗೂ ಕೊಟ್ಟ ಸಾಲವೆಷ್ಟು, ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟಿದ್ದಾರೆಯೇ, ಈ ಮೂರನ್ನು ಓದಲು ಅರ್ಧ ಗಂಟೆ ಸಾಕು. ಮನೆಯಲ್ಲಿ ಬಿ.ಕಾಂ. ಓದುವ ಮಕ್ಕಳಿದ್ದರೆ ಅವರಿಂದ ಓದಿಸಬಹುದು. ಸಭೆಯ ದಿನ ಊಟದ ಹೊತ್ತಿಗೆ ಹೋಗುವ ಬದಲು ಹತ್ತು ಗಂಟೆಗೇ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬಹುದು. ಲಕ್ಷ ರೂಪಾಯಿಯ ಷೇರುದಾರನಿಗೆ ಅಲ್ಲಿ ಇರುವುದು ಒಂದು ಮತ. ಒಂದೇ ಷೇರಿನ ವಿಧವೆ ತಾಯಿಗೂ ಒಂದು ಮತ.